ಮೊದಲ ವೀಳ್ಯ

ಕಡೂರು
ಭಾನುವಾರ, ೮ ಜೂನ್ ೨೦೨೫

ಬಾಯಿಗೆ ಬೀಗ ಹಾಕಿಕೊಂಡಿರುವ ನನ್ನ ಮುದ್ದು ನಿಶ್ಚಿತಾಗೆ,

ಅಮ್ಮನ ಆಶೀರ್ವಾದ. ಇದರಲ್ಲಿ ಯಾವ ಷರತ್ತೂ ಇಲ್ಲ, ನಿಮ್ಮ ಇಲಾಖೆಯವರು ಬೇಕಾದರೆ ಒಡೆದು ನೋಡಲಿ.

ಹುಟ್ಟಿದಾಗ ನಿಶ್ಚಿತಾ ಎಂದು ಹೆಸರಿಟ್ಟೆವು. ವಿದೇಶಾಂಗ ಇಲಾಖೆ ಸೇರಿದ ಮೇಲೆ ನಿನ್ನ ಬಾಯಿಂದ ಒಂದಾದರೂ ನಿಶ್ಚಿತವಾದ ಮಾತು ಬಂದಿದೆಯೇ? ಊಟ ಆಯಿತೇ ಎಂದು ಕೇಳಿದರೂ 'ಪರಿಸ್ಥಿತಿಯನ್ನು ಗಮನಿಸುತ್ತಿದ್ದೇವೆ' ಎನ್ನುವ ಧಾಟಿ. ಅಂತರ್ಯುದ್ಧ ನಡೆಯುತ್ತಿರುವ ಆ ದೇಶದ ಹೆಸರನ್ನೂ ಫೋನಿನಲ್ಲಿ ಹೇಳುವುದಿಲ್ಲ. ನಿನಗೆ ಅದು 'ಮಿತ್ರ ದೇಶ', ನಿಮ್ಮಪ್ಪನಿಗೆ 'ಆ ಹಾಳು ದೇಶ'. ನಾನು ನಡುವೆ ನಿಂತು 'ಆ ದೇಶ' ಎಂದಷ್ಟೇ ಬರೆಯುತ್ತೇನೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳಿಗೆ ಅಷ್ಟು ಹುಷಾರಿ ಇರಬೇಡವೇ.

ಮೊದಲು ಸಂತೋಷದ ಸುದ್ದಿ. ಆ ದೇಶದ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಗುಂಡಿನ ನಡುವೆ ಸಿಕ್ಕಿಕೊಂಡಿದ್ದ ಕೋಮಲಾ, ನಮ್ಮ ಬುಕ್ಕಾಂಬುಧಿ ಗಿರಿಯಪ್ಪನ ಮಗಳು, ಗುರುವಾರ ಕಡೂರು ಸ್ಟೇಷನ್ನಿನಲ್ಲಿ ಇಳಿದಳು. ಗಿರಿಯಪ್ಪ ಅವಳನ್ನು ಮುಟ್ಟಿ ಮುಟ್ಟಿ ನೋಡಿ, ಕೊನೆಗೆ ಪ್ಲಾಟ್‌ಫಾರಂ ಮೇಲೆ ಕೂತುಬಿಟ್ಟ.

ಅಲ್ಲಿಯವರೆಗೆ ಆ ಮನುಷ್ಯ ನನಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದು, ನಿನ್ನಮ್ಮನೇ ಸರ್ಕಾರ ಎನ್ನುವ ಹಾಗೆ ಜಗಲಿಯಲ್ಲಿ ಕೂತು ವಿಚಾರಣೆ ನಡೆಸುತ್ತಿದ್ದ. "ಚಂದ್ರನ ಮ್ಯಾಲೆ ಇಳ್ದು ಬಂದ ದೇಸ ನಮ್ದು. ಒಂದ್ ಆಸ್ಪತ್ರೆ ಬಾಗ್ಲಿಗೆ ಹೋಗ್ ಬರಕ್ಕಾಗಲ್ವೇನಮ್ಮೋರೆ? ಯಾವ್ ಕಡೆ ಸರಿ, ಯಾವ್ ಕಡೆ ತಪ್ಪು ಅಂತ ಹೇಳದ್ ಬಿಟ್ಟು ಕಳವಳ ಕಳವಳ ಅಂತಾರಲ್ಲ, ಕಳವಳ ನಂಗೆ ಸಾಲ್ದಾ?"

ನಾನು ಸಮಾಧಾನ ಹೇಳಿದೆ. ಆಸ್ಪತ್ರೆಯಿಂದ ಹೊರಡುವ ದಾರಿ ಒಂದು ಸೇನೆಯ ಕೈಯಲ್ಲಿ, ಬಂದರಿಗೆ ಸೇರುವ ದಾರಿ ಇನ್ನೊಂದರ ಕೈಯಲ್ಲಿ. ಒಬ್ಬನನ್ನು ಸರಿ ಎಂದರೆ ಇನ್ನೊಬ್ಬ ಗೇಟು ಹಾಕುತ್ತಾನೆ, ನಿನ್ನ ಮಗಳು ನಡುದಾರಿಯಲ್ಲಿ ಉಳಿಯುತ್ತಾಳೆ ಎಂದೆ. ತಟಸ್ಥ ಎಂದರೆ ತಟದಲ್ಲಿ ನಿಂತವನು. ಬುಕ್ಕಾಂಬುಧಿ ಕೆರೆ ಏರಿ ಮೇಲೆ ನಿಂತವನಿಗೆ ಎರಡು ಕಡೆಯೂ ಕಾಣುತ್ತದೆ ಎಂದೂ ಸೇರಿಸಿದೆ. ಅದಕ್ಕವನು, ಏರಿ ಮೇಲೆ ನಿಂತು ನೋಡ್ತಾ ಇದ್ರೆ ಮುಳುಗೋರನ್ನ ಎತ್ತೋರ್ಯಾರು ಎಂದು ಕೇಳಿ, ಕಾಫಿ ಕುಡಿಯದೆ ಎದ್ದು ಹೋದ. ಅವತ್ತು ನನ್ನ ವಿದೇಶಾಂಗ ನೀತಿ ಬಿದ್ದುಹೋಯಿತು.

ಅದೇ ವಾರ ನಿನ್ನ ಫೋನು ಬಂತು. ದೆಹಲಿಯಲ್ಲಿ ಫೈಲಿಗೊಂದು ತೊಡಕು ಬಂದಿದೆ ಎಂದೆ ನೀನು. ನಮ್ಮ ಹಡಗಿನಲ್ಲಿ ಔಷಧ ಹೋಗಿದೆ, ಎರಡೂ ಸೇನೆಗೆ ಸಮ ಸಮ. ಆದರೆ ಮೊದಲ ಪೆಟ್ಟಿಗೆ ಯಾರಿಗೆ? ಮೊದಲು ತೆಗೆದುಕೊಂಡವನು ಭಾರತ ನಮ್ಮ ಕಡೆ ಎಂದು ಫೋಟೋ ಹಾಕುತ್ತಾನೆ. ಅದು ತೀರ್ಮಾನವಾಗದೆ ಗೇಟು ತೆರೆಯುವುದಿಲ್ಲ ಎಂದು ಇಬ್ಬರೂ ಕೂತಿದ್ದಾರೆ. ಇಷ್ಟು ಹೇಳಿ, ಏನೋ ನೆನಪಾದವಳ ಹಾಗೆ, ಅಜ್ಜಂಪುರದಲ್ಲಿ ತೀರ್ಥೇಶಣ್ಣನ ಮದುವೆಯ ವೀಳ್ಯದ ಜಗಳ ಹೇಗೆ ಬಗೆಹರಿಸಿದೆ ಅಮ್ಮಾ ಎಂದು ನೀನೇ ಕೇಳಿದೆ.

ಮರೆಯಲಾದೀತೇ? ಹನುಮಂತಪ್ಪ ದೊಡ್ಡಪ್ಪನಿಗೂ ಓಂಕಾರೇಶ್ ಮಾವನಿಗೂ ಹೊಲದ ಬದುವಿನ ವ್ಯಾಜ್ಯ. ಮೊದಲ ವೀಳ್ಯ ಅವನಿಗೆ ಹೋದರೆ ನಮ್ಮ ಮನೆಯವರು ಊಟಕ್ಕೆ ಕೂರಲ್ಲ ಎಂದು ಇಬ್ಬರ ಶಪಥ. ವಾಲಗದವರು ಊದಿ ಊದಿ ಸುಸ್ತಾದರು, ಅನ್ನ ಆರಿತು. ನಾನು ತಟ್ಟೆ ಎತ್ತಿಕೊಂಡು ಇಬ್ಬರನ್ನೂ ದಾಟಿ, ಕಂಬಕ್ಕೆ ಒರಗಿ ಕೂತಿದ್ದ ಬಸುರಿ ಮಲ್ಲಿಕಾಂಬಳ ಮಡಿಲಿಗೆ ವೀಳ್ಯ ಹಾಕಿದೆ. "ಮೊದಲನೇದು ಹೊಟ್ಟೇಲಿರೋ ಕೂಸಿಗೆ. ಅದಕ್ಕಿನ್ನೂ ಯಾವ ಕಡೆ ಅಂತ ಗೊತ್ತಿಲ್ಲ." ಬಸುರಿಯ ಮೇಲೆ ಜಗಳ ತೆಗೆಯುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆಮೇಲೆ ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ಇಬ್ಬರಿಗೂ ಒಟ್ಟಿಗೇ ಚಾಚಿದೆ.

ಇದನ್ನೆಲ್ಲ ಹೇಳುವಾಗ ನಿನ್ನ ಹಿಂದೆ ಢಂ ಢಂ ಸದ್ದು. ಯಾರದೋ ಮದುವೆ, ಪಟಾಕಿ ಎಂದೆ ನೀನು. ಹಾಡುಹಗಲಲ್ಲಿ ಇಷ್ಟು ಹುರುಪಿನ ಬೀಗರು ದೆಹಲಿಯಲ್ಲಿ ಯಾರಪ್ಪಾ ಎಂದುಕೊಂಡೆ.

ಮುಂದಿನದನ್ನು, ಮತ್ತೆ ಬಂದು ಕೂತಿದ್ದ ಗಿರಿಯಪ್ಪನ ಜೊತೆ, ಟೀವಿಯಲ್ಲಿ ನೋಡಿದೆವು. ಆಸ್ಪತ್ರೆಯ ಅಂಗಳ. ಆ ಕಡೆ ಒಂದು ಸೇನೆ, ಈ ಕಡೆ ಇನ್ನೊಂದು. ನಡುವೆ ನಮ್ಮ ದೇಶದ ಅಧಿಕಾರಿಣಿಯೊಬ್ಬಳು, ಹೆಲ್ಮೆಟ್ಟಿನಲ್ಲಿ ಮುಖವೇ ಕಾಣುವುದಿಲ್ಲ. ಆ ದೇಶದ ಒಬ್ಬ ತುಂಬು ಬಸುರಿಗೆ ಮೊದಲ ಪೆಟ್ಟಿಗೆ ಕೊಟ್ಟಳು. ಸರ್ಕಾರಿ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಆದರೆ ಇವಳ ಕೈ ನಿಲ್ಲಬೇಕಲ್ಲ. ಹೊರಟವಳನ್ನು ತಡೆದು, ಅವಳ ಮೇಲುದ ಚಾಚಿಸಿ, ಬೊಗಸೆ ಬೊಗಸೆ ಏನೇನೋ ತುಂಬಿದಳು. ಐದು ಸಲ. ಎರಡೂ ಕಡೆಯ ದಂಡನಾಯಕರು ನೋಡಿದರು. ಭಾರತದವರ ಹತ್ತಿರ ಏನಾದರೂ ತೆಗೆದುಕೊಳ್ಳುವ ಪದ್ಧತಿಯೇ ಹೀಗೆ ಎಂದು ತಿಳಿದರೋ ಏನೋ, ಗಡ್ಡ ಬಿಟ್ಟ ಇಬ್ಬರೂ ಗಂಭೀರವಾಗಿ ಮುಂದೆ ಬಂದು ಅಂಗಿಯ ಅಂಚು ಹಿಡಿದು ಮಡಿಲು ಒಡ್ಡಿದರು! ಗಿರಿಯಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಬಾಣಂತನಕ್ಕೆ ಇಬ್ಬರೂ ತವರಿಗೆ ಬರುತ್ತಾರೇನೋ ಎಂದು ನಾನಂದೆ. ಆದರೆ ಒಂದು ಗಮನಿಸಿದೆ: ಎರಡೂ ಕೈಯಲ್ಲಿ ಮಡಿಲು ಹಿಡಿದವನಿಗೆ ಬಂದೂಕು ಹಿಡಿಯಲು ಕೈಯೇ ಉಳಿಯುವುದಿಲ್ಲ. ಗೇಟು ತೆರೆದದ್ದು ಆಗಲೇ.

ಹೆಲ್ಮೆಟ್ಟಿನವಳು ಯಾರೆಂದು ಕೋಮಲಾಳನ್ನು ಕೇಳಿದೆ. ಸೂರು ನೋಡುತ್ತಾ, ಯಾರೋ ಮೇಡಂ, ಆಂಟಿ, ಒಳ್ಳೆಯವರು ಎಂದಳು. ನಿನ್ನ ಗಾಳಿ ಅವಳಿಗೂ ಬಡಿದಿದೆ.

ನಿಶ್ಚಿತಾ, ಗುಂಡಿನ ನಡುವೆ ನಿಂತು ಐದು ಸಲ ಮಡಿಲು ತುಂಬುವ ಅಧಿಕಾರಿ ದೆಹಲಿಯಲ್ಲಿ ಎಷ್ಟು ಜನ ಇದ್ದಾರೆ ಕಣೇ? ಒಂದು ದಿನವೆಲ್ಲ ನಿನ್ನ ಮೇಲೆ ಕೋಪ. ಮಾರನೆಯ ದಿನ ಹೆಮ್ಮೆ. ಈಗ ಬರೀ ಹೆದರಿಕೆ; ರಾಯಭಾರ ನಿನ್ನದು, ಭಾರ ನನ್ನದು. ಅದಕ್ಕೇ ದೆಹಲಿ ವಿಳಾಸಕ್ಕೆ ಬರೆಯುತ್ತಿದ್ದೇನೆ, ಅಲ್ಲಿಂದ ಎಲ್ಲಿಗೆ ಹೋಗಬೇಕೆಂದು ಕಾಗದಕ್ಕೆ ಗೊತ್ತು. ನಿಮ್ಮಪ್ಪನಿಗೆ ಹೇಳಿಲ್ಲ, ಅವರ ಬಿ.ಪಿ. ನಿನಗೆ ಗೊತ್ತಲ್ಲ. ಅವರು ಟೀವಿಗೆ ಮೂಗು ತಾಗಿಸಿ ನೋಡಿ, ಆಮೇಲೆ ಕೊಬ್ಬರಿ ರೇಟು ಬಿದ್ದ ಮಾತು ತೆಗೆದರು. ಏನೂ ತಿಳಿಯದ ಜೀವ. ಪೋಸ್ಟಿಗೆ ಹಾಕಲು ಇದನ್ನು ಅವರ ಕೈಗೇ ಕೊಡುತ್ತಿದ್ದೇನೆ.

ಬೇಗ ಬಾ. ಗೇಟು ತೆರೆದೇ ಇದೆ.

ಯಾವ ತಟದಲ್ಲೂ ನಿಲ್ಲಲಾರದ ನಿನ್ನ ಅಮ್ಮ,
ತ್ರಿವೇಣಿ

ಮ.ವಿ.: ಮಗಾ, ಕವರ್ ಅಂಟಿಸೋಕೆ ಮುಂಚೆ ಈ ಚೀಟಿ ಒಳಗೆ ತುರುಕಿದೀನಿ. ನಿಮ್ಮಮ್ಮ ಬರ್ದಿದ್ದು ಓದಿಲ್ಲ, ಇನ್ನೊಬ್ಬರ ಕಾಗದ ಓದಬಾರ್ದು. ನೀನು ದೆಹಲೀಲಿದೀಯ ಅಂತ ಪಾಪ ಅವಳು ನಂಬ್ಕೊಂಡವಳೆ, ಹಾಗೇ ಇರ್ಲಿ, ಹೇಳಬೇಡ. ಆ ಬಸುರಿ ಮಡಿಲಿಗೆ ನೀನು ಹಾಕಿದ್ಯಲ್ಲ ಉಂಡೆ ಕೊಬ್ಬರಿ, ಅದು ಯುಗಾದೀಲಿ ನಮ್ಮ ಮಂಡಿಯಿಂದ ಕಳಿಸಿದ್ದು. ನಾನೇ ಆರಿಸಿದ್ದು, ಗುರುತು ಸಿಗಲ್ವಾ? ಮುಂದಿನ ಸಲ ಅಂಥ ಊರಿಗೆ ಹೋಗೋದಾದ್ರೆ ಮೊದಲೇ ಹೇಳು, ಎರಡು ಕಡೆಗೂ ಆಗೋಷ್ಟು ಕಟ್ಟಿಕೊಡ್ತೀನಿ. ಹೆಲ್ಮೆಟ್ ಪಟ್ಟಿ ಸಡಿಲ ಇತ್ತು. ಬಿಗಿಯಾಗಿ ಹಾಕ್ಕೊ.
— ಅಪ್ಪ, ಸಿದ್ದೇಶ್