ಮಲೆಮ್ತಾ ಹೊತ್ತ ಎಲೆಹೊರೆ

ನವೆಂಬರ್ ೧೪, ಗುರುವಾರ. ಬ್ರಸ್ತಗಿ.

ನೋಡಿದವಳು ನಾನು, ಬಾಯಿ ಬಿಡದವಳೂ ನಾನೇ.

ಒಬ್ಬರ ಹೊಲಕ್ಕೆ ಒಬ್ಬರು ದುಡಿಯುವ ಮುಯ್ಯಾಳಿನ ಸರದಿ ಇವತ್ತು ನನ್ನ ಹೊಲಕ್ಕೆ. ಏಳು ಹೆಂಗಸರು ಇಬ್ಬನಿ ಆರುವ ಮೊದಲೇ ಕೋಸಿನ ಸಾಲಿಗಿಳಿದು ಕೆಳಗಿನ ಎಲೆ ಕೊಯ್ಯತೊಡಗಿದೆವು. ಮೂರನೆಯ ಸಾಲಿನಲ್ಲಿ, ಎಲೆಯಂಚಿನಿಂದ ಒಳಕ್ಕೆ ಬೆಣೆಯಂತೆ ಚೂಪಾದ ಹಳದಿ ಕಂಡಿತು. ದೇಟು ಮುರಿದೆ. ನರಗಳು ಕಪ್ಪಾಗಿದ್ದವು. ಕಪ್ಪು ಕೊಳೆರೋಗವೇ, ಅನುಮಾನವಿಲ್ಲ.

“ಏನೇ ರೆಹುಲಿನಾ, ಎಲೇಲಿ ಗಂಡನ ಮುಖ ಕಾಣ್ತಿದ್ಯಾ?” ಎಂದು ಪಕ್ಕದ ಸಾಲಿನಿಂದ ಮಲೆಮ್ತಾ ಕೂಗಿದಳು. ಎಲ್ಲರೂ ನಕ್ಕರು. ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ನಕ್ಕೆ. ಹೇಳಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಒದ್ದೆ ಎಲೆ ಮುಟ್ಟಿದ ಕೈ, ಕತ್ತಿಯಿಂದಲೇ ರೋಗ ಹರಡುತ್ತದೆ ಎಂದು ಹೋದ ವರ್ಷ ಇವರಿಗೆ ಪಾಠ ಹೇಳಿದವಳೂ ನಾನೇ!

ಸಂಜೆ ರೋಗದ ಗಿಡಗಳನ್ನು ಕಿತ್ತು ಹೂತೆ. ನನ್ನ ಕತ್ತಿಯನ್ನು ಎರಡು ಸಲ ಸೋಪು ಹಾಕಿ ತೊಳೆದೆ. ಉಳಿದ ಆರು ಕತ್ತಿಗಳು?

ನಾಳೆ ಮಲೆಮ್ತಾಳ ಸರದಿ. ಬೆಳಕು ಹರಿಯುವ ಮೊದಲೇ ಹೋಗಿ, ಯಾರೂ ಸಾಲಿಗಿಳಿಯದಂತೆ ತಡೆಯಬೇಕು ಅಂದುಕೊಂಡೆ. ಆಗ ನೆನಪಾಯಿತು. ಕೊಯ್ದ ಎಲೆಯನ್ನು ಕೆಲಸಕ್ಕೆ ಬಂದವರು ತಮ್ಮ ಹಂದಿಗೆ ಒಯ್ಯುವುದು ವಾಡಿಕೆ. ಹೊರೆ ಕಟ್ಟಿ ಅವಳ ತಲೆಗೇರಿಸಿದವಳು ನಾನು. ಮಧ್ಯಾಹ್ನದ ಮಳೆಯಲ್ಲಿ, ಎಲೆಯಿಂದ ನೀರಿಳಿಯುತ್ತಿರುವಾಗಲೇ, ತನ್ನ ಕೋಸಿನ ನಡುವೆ ಹಾದು ಮನೆಗೆ ಹೋದಳು.

ಹೋಗುವಾಗ ತಿರುಗಿ, “ದೊಡ್ಡ ಮನಸ್ಸು ಕಣೇ ನಿಂದು” ಎಂದಳು.