ಸರ್ವಮಂಗಳಮ್ಮನ ಕಲ್ಲಿನ ಮೇಲಿನ ಪದ

ಹುಣಸೂರು
ಸೋಮವಾರ

ಹಾರನಹಳ್ಳಿಯ ಕಂಠಪ್ಪನವರಿಗೆ, ಕಲ್ಲು ಕೆತ್ತುವ ರುಬೀನಾ ಮಾಡುವ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಇಲ್ಲಿ ಕಾಲೇಜಿಗೆ ಬರುವ ನಿಮ್ಮ ಮಗಳು ಪುಟ್ಟಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿಮ್ಮ ಮನೆಯವರ ಸಮಾಧಿಯ ಕಲ್ಲು ಮುಗಿದಿದೆ. 'ಸರ್ವಮಂಗಳ ಇಲ್ಲಿ ಶಾಶ್ವತವಾಗಿ ಮಲಗಿದ್ದಾಳೆ' ಎಂದು ನೀವು ಬರೆದುಕೊಟ್ಟಿದ್ದಿರಿ. ನಾನು ಹಾಗೆ ಕೆತ್ತಿಲ್ಲ. ಉಳಿ ಹಿಡಿದು ಕೂತಾಗ ಪುಟ್ಟಿ ಅಂಗಡಿಗೆ ಬಂದು ಆ ಸಾಲು ಓದಿದಳು.

"ಅಕ್ಕ, ನಮ್ಮವ್ವ ಕೋಳಿ ಕೂಗೋಕೆ ಮುಂಚೆ ಏಳೋಳು. ಮಲ್ಗವ್ಳೆ ಅಂದ್ರೆ ನಮ್ಮೂರಲ್ಲಿ ಯಾರೂ ನಂಬಕಿಲ್ಲ ಕಣಕ್ಕ," ಎಂದು ನಗಲು ಹೋಗಿ ಅತ್ತುಬಿಟ್ಟಳು.

ಇಪ್ಪತ್ತು ವರ್ಷದಿಂದ 'ಶಾಶ್ವತ' ಎಂದು ಕೆತ್ತುತ್ತಿದ್ದೇನೆ. ಅಲ್ಲಾಡದೆ ಇರುವುದಕ್ಕೆ ಒಪ್ಪುವ ಪದ ಅದು. ಕೂತಲ್ಲಿ ಕೂರದ ಸರ್ವಮಂಗಳಮ್ಮನಿಗೆ 'ನಿತ್ಯ' ಎಂಬುದೇ ಸರಿ. ದಿನಾಲೂ ಎಂದೂ ಅದಕ್ಕೆ ಅರ್ಥ, ಎಂದೆಂದಿಗೂ ಎಂದೂ ಅರ್ಥ. 'ನಿತ್ಯವೂ ಎಲ್ಲರಿಗಿಂತ ಮೊದಲು ಏಳುವವಳು' ಎಂದು ಕೆತ್ತಿದ್ದೇನೆ. ನೋಡಿ ಒಪ್ಪಿಗೆಯಾಗದಿದ್ದರೆ ಬೇರೆ ಕಲ್ಲು ಕೆತ್ತಿಕೊಡುತ್ತೇನೆ. ಒಪ್ಪಿಗೆಯಾಗುತ್ತದೆಂದು ನನಗೆ ಗೊತ್ತು.

ಗುರುವಾರ ಟ್ರ್ಯಾಕ್ಟರ್ ತನ್ನಿ. ಎತ್ತುವುದಕ್ಕೆ ನಾಲ್ಕು ಜನ ಗಟ್ಟಿಗರು ಬೇಕು. ಅವರನ್ನಷ್ಟೇ ಕಳಿಸಬೇಡಿ, ನೀವೂ ಬನ್ನಿ.

ಇನ್ನೊಂದು ವಿಷಯ. ಕೆಳಗೆ ನಿಮ್ಮ ಹೆಸರಿಗೂ ಜಾಗ ಬಿಡಲು ಹೇಳಿದ್ದಿರಿ. ಬಿಟ್ಟಿಲ್ಲ. ಅಕ್ಷರಗಳನ್ನು ದೊಡ್ಡದು ಮಾಡಿ ಅಂಚಿನವರೆಗೂ ತುಂಬಿಸಿದ್ದೇನೆ. ಪುಟ್ಟಿಯ ಓದು ಇನ್ನೂ ಮುಗಿದಿಲ್ಲ. ನಿಮ್ಮ ಹೆಸರು ಕೆತ್ತುವ ಕಾಲಕ್ಕೆ ನಾನು ಉಳಿ ಹಿಡಿಯಲಾಗದ ಮುದುಕಿಯಾಗಿರಬೇಕು.

ಇಂತಿ,
ರುಬೀನಾ