ಅಜ್ಜ ಊರಿಗೆ ಹೋಗಿದ್ದಾರೆ

ಟಿಟ್ವಾಳಾ,
18-8-2025

ತಂಗಿ ದಮಯಂತಿಗೆ ನಿನ್ನ ಅಕ್ಕ ಗುಲಾಬಿಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಸೌಖ್ಯ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ನೀನು ನೆರೂಳದಿಂದ ಫೋನ್ ಮಾಡಿದಾಗಲೆಲ್ಲ ನಾನು "ಆಮೇಲೆ ಹೇಳ್ತೇನೆ" ಎಂದು ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಈ ಮನೆಯಲ್ಲಿ ಹಾಲ್‌ನಲ್ಲಿ ಉಸಿರು ಬಿಟ್ಟರೆ ಬಚ್ಚಲಲ್ಲಿ ಕೇಳುತ್ತದೆ. ಸೊಸೆ ಜಯಲತಾಳಿಗೆ ದೇವರು ಬೇರೇನೂ ಕೊಡದಿದ್ದರೂ ಕಿವಿ ಧಾರಾಳ ಕೊಟ್ಟಿದ್ದಾನೆ. ಅದಕ್ಕೇ ಕಾಗದ. ಅಕ್ಷರ ಕೋಳಿ ಕೆರೆದ ಹಾಗಿದ್ದರೆ ನಮ್ಮ ಶಾಲೆಯ ಮಾಸ್ತರರನ್ನು ಬಯ್ಯಿ. ಗಣಪತಿ ಗುಡಿಗೆ ಹೋಗುವಾಗ ನಾನೇ ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ.

ಅಷ್ಟು ಹುಡುಗರ ನಡುವೆ ನಮ್ಮ ಮಯೂರ್‌ನನ್ನೇ ಡೇಟಾ ಸೆಂಟರಿನವರು ಹೇಗೆ ಆರಿಸಿದರು, ನಿನ್ನ ಮೊಮ್ಮಗ ಸಮಿತ್‌ಗೂ ಆ ಗುಟ್ಟು ಹೇಳಿಕೊಡಲಿ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಓದಿ ಹರಿದುಹಾಕು.

ಡೇಟಾ ಸೆಂಟರ್ ಎಂದರೆ ಕಂಪ್ಯೂಟರುಗಳ ಗೋದಾಮು. ಲೋಕದವರು ಫೋನಿನಲ್ಲಿ ತಿಕ್ಕುವುದೆಲ್ಲ ಐರೋಲಿಯ ಆ ಕಟ್ಟಡದಲ್ಲಿ ಕೂತಿರುತ್ತದಂತೆ. ನಮಗೆ ಬೇಸಗೆಯಲ್ಲಿ ಒಂದು ಫ್ಯಾನು. ಅಲ್ಲಿ ಕಬ್ಬಿಣದ ಕಪಾಟುಗಳಿಗೆ ಹಗಲು ರಾತ್ರಿ ಏಸಿ. ಕರೆಂಟು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹೋಗಕೂಡದು. ಹೋಗದಂತೆ ಕಾಯುವುದೇ ಮಯೂರ್‌ನ ಕೆಲಸ.

ಡಿಪ್ಲೊಮಾ ಮುಗಿಸಿ ಅವನು ಎಷ್ಟು ಇಂಟರ್‌ವ್ಯೂಗಳಿಗೆ ಲೋಕಲ್ ಟ್ರೈನಿನಲ್ಲಿ ನೇತಾಡಿಕೊಂಡು ಹೋದನೋ, ಅಷ್ಟೂ ಸಲ ಮುಖ ಜೋತುಹಾಕಿಕೊಂಡು ಬಂದ. ಕಡೆಗೆ ಠಾಣೆಯ ಒಂದು ಕ್ಲಾಸಿಗೆ ಸೇರಿದ. ಅಲ್ಲಿಯ ಮಾಸ್ತರನ ಬೋಧನೆ ಏನು ಗೊತ್ತೇ? ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತದೆ, ನೀನು ಬೇರೆಯಾಗಿ ಕಾಣಬೇಕಾದರೆ ನಿನ್ನದೇ ಒಂದು ಕಥೆ ಒಯ್ಯಿ. ಕರೆಂಟು ಕೈಕೊಟ್ಟಾಗ ನೀನು ತಲೆ ತಣ್ಣಗಿಟ್ಟು ನಿಭಾಯಿಸಿದ ಕಥೆ.

ನಮ್ಮವನು ಕಥೆ ಒಯ್ದ. ಮನೆಯಲ್ಲಿ ಅಜ್ಜ ಆಕ್ಸಿಜನ್ ಮಷೀನಿನ ಮೇಲೆ ಇದ್ದರು. ಕರೆಂಟು ಹೋಯಿತು. ವಾರವಾರ ಇನ್ವರ್ಟರ್ ಪರೀಕ್ಷೆ ಮಾಡಿಡುವ ಮೊಮ್ಮಗ ಓಡಿಹೋಗಿ ಮಷೀನನ್ನು ಅದಕ್ಕೆ ಹಾಕಿದ, ಅಜ್ಜ ಬದುಕಿಕೊಂಡರು. ದೊಡ್ಡ ಸಾಹೇಬ ಗುಣಪಾಲ ಎಂಬವನು, "ನಮಗೆ ಇಂಥ ಹುಡುಗನೇ ಬೇಕು" ಎಂದು ಮೇಜು ತಟ್ಟಿದನಂತೆ.

ದಮಯಂತಿ, ನಿನ್ನ ಭಾವ ಹಾರ್ಟಿನಿಂದ ಹೋದರು ಎಂದು ನಿನಗೂ ಹೇಳಿದ್ದೆವು. ಅಲ್ಲ. ಕರೆಂಟು ಹೋಗಿ ಮಷೀನು ನಿಂತಿತು. ಇನ್ವರ್ಟರಿನ ಬ್ಯಾಟರಿಯಲ್ಲಿ ನೀರು ಒಣಗಿತ್ತು. "ಮಗಾ, ಅದಕ್ಕೆ ನೀರು ಹಾಕು" ಎಂದು ಅವರು ಹೇಳಿ ಹೇಳಿ ಸೋತಿದ್ದರು. ಇವನದು "ಕಲ್ ಕರ್ತಾ ಹೂಂ ಅಜ್ಜ" ಎಂಬ ಒಂದೇ ಮಂತ್ರ, ನಾಳೆ, ನಾಳೆ. ಅವತ್ತು ಇವನು ಕ್ರಿಕೆಟ್ ಆಡಲು ಹೋಗಿದ್ದ. ನಾನು ಕ್ಯಾಲೆಂಡರಿನಿಂದ ಗಾಳಿ ಹಾಕುತ್ತಿದ್ದೆ. ಗಾಳಿ ಬೀಸುವುದಕ್ಕೂ ಉಸಿರು ಹೋಗುವುದಕ್ಕೂ ಏನೂ ಸಂಬಂಧವಿಲ್ಲ ಎಂದು ಕಲಿತೆ.

ಇದನ್ನು ಮುಚ್ಚಿಯೇ ಇಡುತ್ತಿದ್ದೆ. ಆದರೆ ನನ್ನ ಮಗ ವಸಂತಕುಮಾರ, ಬುದ್ಧಿಯನ್ನೆಲ್ಲ ಹೋಟೆಲಿನ ಗಲ್ಲಾದಲ್ಲೇ ಬಿಟ್ಟು ಮನೆಗೆ ಬರುವವನು, ಸಾಹೇಬ ಕಾರ್ಕಳದ ಕಡೆಯವನು ಎಂದು ತಿಳಿದದ್ದೇ ತಡ, ಕೆಲಸ ಸಿಕ್ಕಿದ್ದಕ್ಕೆ ಇಟ್ಟ ಸತ್ಯನಾರಾಯಣ ಪೂಜೆಗೆ ಫೋನ್ ಮಾಡಿ ಕರೆದುಬಿಟ್ಟ. ಊರಿನವರನ್ನು ಕರೆಯದೆ ಇರುವುದುಂಟೇ?

ಮಯೂರ್ ತಲೆ ಚಚ್ಚಿಕೊಂಡ. "ಕ್ಯಾ ಕಿಯಾ ಪಪ್ಪಾ! ಸರ್ ಹತ್ರ ಅಜ್ಜ ಇದ್ದಾರೆ ಅಂತ ಹೇಳಿದ್ದೇನೆ. ನಾನಿನ್ನೂ ಪ್ರೊಬೇಷನ್‌ನಲ್ಲಿ ಇದ್ದೇನೆ. ಸುಳ್ಳು ಅಂತ ಗೊತ್ತಾದ್ರೆ ಗೇಟಿನ ಹೊರಗೆ ಹಾಕ್ತಾರೆ."

ಹಾಗೆ ನನಗೆ ಎಲ್ಲ ಗೊತ್ತಾದದ್ದು. "ಇದ್ದಾಗ ಅಜ್ಜ ಬೇಡವಾಗಿದ್ದರು, ಸತ್ತ ಮೇಲೆ ಕೆಲಸಕ್ಕೆ ಬಂದರಲ್ಲ ಮಾರಾಯ" ಎಂದೆ. ಜಯಲತಾ ಸೀದಾ ನನ್ನ ಕಾಲಿಗೆ ಬಿದ್ದಳು. "ಅತ್ತೇ, ಒಂದು ಗಂಟೆಯ ವಿಷಯ. ಕುಂಕುಮ ಇಟ್ಕೊಳ್ಳಿ, ಕರಿಮಣಿ ನಂದೇ ಕೊಡ್ತೇನೆ. ಮಾವ ಊರಿಗೆ ಹೋಗಿದ್ದಾರೆ ಅಂತ ಹೇಳುವ."

ನಾನು ಒಪ್ಪಿದೆ. ಬೇಡವೆಂದರೆ ಆ ಹುಡುಗ ಮತ್ತೆ ಟ್ರೈನಿಗೆ ನೇತಾಡಬೇಕು. ಮೂರ್ಖನಾದರೂ ನಮ್ಮದೇ ಮೂರ್ಖ.

ಹುಣ್ಣಿಮೆಯ ದಿನ ನಿನ್ನ ಭಾವನ ಫೋಟೋ ಇಳಿಸಿ, ಹಾರ ಕಿತ್ತು, ಬೇರೆ ಜಾಗವಿಲ್ಲದೆ ವಾಷಿಂಗ್ ಮಷೀನಿನೊಳಗೆ ಇಟ್ಟರು. ನನಗೆ ಹಸಿರು ಬಳೆ, ಹಣೆಗೆ ಕಾಸಿನಗಲ ಕುಂಕುಮ. ಗುಣಪಾಲ ಒಳ್ಳೆಯ ಮನುಷ್ಯ, ಬಂದು ಕಾಲು ಮುಟ್ಟಿದ.

"ಅಮ್ಮಾ, ನಿಮ್ಮ ಪುಳ್ಳಿ ಮಯೂರ್ ಹುಷಾರಿದ್ದಾನೆ. ಎಲ್ಲಿ, ಅಜ್ಜ ಕಾಣುದಿಲ್ಲ?"

"ಊರಿಗೆ ಹೋಗಿದ್ದಾರೆ ಸರ್," ಎಂದ ಮಯೂರ್.

"ಹೌದಾ? ಆಕ್ಸಿಜನ್ ಮಷೀನು ಬಿಟ್ಟು ಹೇಗೆ ಹೋದ್ರು ಮಾರಾಯಾ?"

ಭಟ್ಟರ ಗಂಟೆಯೂ ನಿಂತಿತು. ನಾನೇ ಬಾಯಿ ಬಿಟ್ಟೆ: "ಅಲ್ಲಿ ಮಷೀನು ಬೇಡ ಸಾಹೇಬ್ರೆ. ಈಗ ಅವರಿಗೆ ಉಸಿರಿನದ್ದು ಏನೂ ಉಪದ್ರ ಇಲ್ಲ."

"ಊರಿನ ಗಾಳಿ ಅಂದ್ರೆ ಊರಿನ ಗಾಳಿಯೇ!" ಎಂದು ಅವನು ನಕ್ಕ. ನಮ್ಮವರೂ ನಕ್ಕರು, ದಮಯಂತಿ. ನನ್ನ ಮಗನೂ ನಕ್ಕ.

ಆಮೇಲೆ ಗುಣಪಾಲನ ಹೆಂಡತಿ ಜಯಶೀಲ ತಾಂಬೂಲ ಹಿಡಿದು ಬಂದಳು. ನನಗೆ ಅರಸಿನ ಕುಂಕುಮ ಹಚ್ಚಿ, ತಲೆಗೆ ಮಲ್ಲಿಗೆ ಮುಡಿಸಿ, ಬಗ್ಗಿ ಕಿವಿಯ ಹತ್ತಿರ ಹೇಳಿದಳು: "ಇವರಿಗೆ ಕಳೆದ ವರ್ಷ ಹಾರ್ಟಿಗೆ ಸ್ಟೆಂಟ್ ಹಾಕಿದ್ದು ಅಮ್ಮಾ. ನನಗೆ ಯಾವಾಗ್ಲೂ ಹೆದರಿಕೆ. ನಿಮ್ಮ ಹಾಗೆ ಮುತ್ತೈದೆಯಾಗಿ ಮುದುಕಿ ಆಗು ಅಂತ ಹೇಳಿ."

ಯಾವ ಬಾಯಲ್ಲಿ ಹೇಳಲಿ? ಮಯೂರ್ ಆಚೆಯಿಂದ ಕಣ್ಸನ್ನೆ ಮಾಡುತ್ತಿದ್ದ. ಹೇಳಿದೆ. ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು. ಆಗಿನಿಂದ ದಿನವೂ ಗಣಪತಿ ಗುಡಿಗೆ ಹೋಗಿ, ನನ್ನ ಪುಳ್ಳಿಯ ಹೆಸರು ಬಿಟ್ಟು ಅವಳ ಗಂಡನ ಹೆಸರು ಹೇಳಿ ಕೈಮುಗಿಯುತ್ತಿದ್ದೇನೆ.

ಕೆಲಸ ಉಳಿಯಿತು. ಇದೇ ಗುಟ್ಟು. ಸಮಿತ್‌ನನ್ನು ಮಯೂರ್‌ನ ಹತ್ತಿರ ಕಳಿಸುವುದು ನಿನಗೆ ಬಿಟ್ಟದ್ದು. ಆದರೆ ಅವನಿಗೂ ಒಂದು ಕಥೆ ಬೇಕಾಗುತ್ತದೆ, ನಿಮ್ಮ ಮನೆಯಲ್ಲಿ ಕಥೆಗೆ ಒದಗುವ ಮುದಿಜೀವ ನೀನೊಬ್ಬಳೇ. ಬಿ.ಪಿ. ಮಾತ್ರೆ ನೀನೇ ಎಣಿಸಿ ತಿನ್ನು.

ಮಕ್ಕಳಿಗೆ ಒಳ್ಳೆಯದಾಗಲಿ. ನಿನ್ನ ಮೊಣಕಾಲಿಗೂ ದೇವರು ಸ್ವಲ್ಪ ಕರುಣೆ ತೋರಿಸಲಿ.

ನಿನ್ನ ಅಕ್ಕ,
ಗುಲಾಬಿ

ತಾ.ಕ.: ಸಾಹೇಬರ ಲಿಫ್ಟ್ ಕೆಳಗೆ ಮುಟ್ಟಿರಲಿಲ್ಲ, ಮಯೂರ್ ಬಂದು "ಅಜ್ಜಿ, ಅಬ್ ನಿಕಾಲ್ ದೋ, ಕುಂಕುಮ, ಬಳೆ ಎಲ್ಲ. ಪಕ್ಕದ ಆಂಟಿ ನೋಡಿದ್ರೆ ನಗ್ತಾರೆ" ಎಂದ. ದೀಪ ಹಚ್ಚುವವರೆಗೆ ಇರಲಿ ಮಗಾ ಎಂದು ಕೇಳಿದೆ. ಹೌದು, ಕೇಳಿದೆ, ನಾಚಿಕೆ ಬಿಟ್ಟು. ಅವನು ಪ್ರಸಾದದ ಕೈ ಒರೆಸಿಕೊಂಡ ಟಿಶ್ಯೂವಿನಲ್ಲೇ ನನ್ನ ಹಣೆ ಒರೆಸಿದ. ಇನ್ನೊಂದು ಕೈಯಲ್ಲಿ ಫೋನು, ಕಣ್ಣು ಫೋನಿನಲ್ಲಿ. ಬಳೆ ಇಳಿಯಲಿಲ್ಲ. ಜಯಲತಾ ಸಿಂಕಿನ ಸಾಬೂನು ಹಚ್ಚಿ ಎಳೆದಳು. ನಿನ್ನ ಭಾವ ಹೋದಾಗ ಹೆಂಗಸರು ನನ್ನ ಬಳೆ ತೆಗೆಯುವಾಗ ನೀನು ನನ್ನ ಬೆನ್ನ ಹಿಂದೆ ನಿಂತು ಅತ್ತಿದ್ದೆ. ಈ ಸಲ ಯಾರೂ ಅಳಲಿಲ್ಲ. ಬೇಗ ತೆಗೆಯಿರಿ, ಊಟ ಆರುತ್ತದೆ ಎಂದರು ನಮ್ಮವರು.